ಹೃತ್ಪೂರ್ವಕ ಪ್ರಾರ್ಥನೆ (ಕ್ರೈಸ್ತ ಧರ್ಮ)

ಹೃತ್ಪೂರ್ವಕ ಪ್ರಾರ್ಥನೆ ಎಂದರೆ ಕ್ರೈಸ್ತ ಧರ್ಮದಲ್ಲಿ ಬಾಯಿಯ ಮಾತೂ ಮನಸ್ಸಿನ ಭಾವವೂ ಒಂದಾಗಿ ದೇವರಿಗೆ ಸಲ್ಲುವ ಪ್ರಾರ್ಥನೆ. ಇದು ತಾನಾಗಿ ಬರುವಂಥದ್ದಲ್ಲ, ಅಭ್ಯಾಸದಿಂದ ಕಲಿಯಬೇಕಾದದ್ದು ಎಂಬುದು ಕ್ರೈಸ್ತ ಪರಂಪರೆಯಲ್ಲಿ ವ್ಯಾಪಕವಾಗಿರುವ ನಿಲುವು. ಕಲಿಯುವ ಬಗೆ ಯಾವುದೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಸಿದ್ಧ ಪಠ್ಯವನ್ನು ಕಂಠಪಾಠ ಮಾಡಿ ಕ್ರಮೇಣ ಅದರ ಅರ್ಥಕ್ಕೆ ಇಳಿಯಬೇಕೆ, ಮೊದಲಿನಿಂದಲೇ ಸ್ವಂತ ಮಾತಿನಲ್ಲಿ ಪ್ರಾರ್ಥಿಸಬೇಕೆ ಎಂಬುದು ಹಳೆಯ ಚರ್ಚೆ. ಕರ್ನಾಟಕದಲ್ಲಿ, ವಿಶೇಷವಾಗಿ ಪೀಣ್ಯದಂತಹ ಬಹುಭಾಷಿಕ ಕೈಗಾರಿಕಾ ಪ್ರದೇಶಗಳಲ್ಲಿ, ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು ಎಂಬ ಪ್ರಶ್ನೆಯೂ ಇದರೊಡನೆ ಸೇರಿಕೊಂಡಿದೆ.

ಬೈಬಲಿನ ಆಧಾರ

ಲೂಕನ ಸುವಾರ್ತೆಯ 11ನೆಯ ಅಧ್ಯಾಯದ ಪ್ರಕಾರ, ಯೇಸು ಪ್ರಾರ್ಥಿಸುವುದನ್ನು ಕಂಡ ಶಿಷ್ಯನೊಬ್ಬನು ತಮಗೂ ಪ್ರಾರ್ಥಿಸಲು ಕಲಿಸಬೇಕೆಂದು ಕೇಳುತ್ತಾನೆ. ಅದಕ್ಕೆ ಉತ್ತರವಾಗಿ ದೊರೆತ ಪ್ರಾರ್ಥನೆಯನ್ನು ಕನ್ನಡದ ಕಥೋಲಿಕರು ‘ಪರಲೋಕ ಮಂತ್ರ’ ಎಂದೂ ಪ್ರಾಟೆಸ್ಟೆಂಟರು ‘ಕರ್ತನ ಪ್ರಾರ್ಥನೆ’ ಎಂದೂ ಕರೆಯುತ್ತಾರೆ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಇದೇ ಪ್ರಾರ್ಥನೆಗೆ ಮುನ್ನ ಎರಡು ಎಚ್ಚರಿಕೆಗಳಿವೆ: ಜನರಿಗೆ ಕಾಣುವಂತೆ ಬೀದಿಯಲ್ಲಿ ನಿಂತು ಪ್ರಾರ್ಥಿಸಬಾರದು, ಮಾತುಗಳನ್ನು ವ್ಯರ್ಥವಾಗಿ ಪೇರಿಸಬಾರದು. ಮಾತಿನ ರಾಶಿಯನ್ನು ಖಂಡಿಸಿದ ಮರುಕ್ಷಣವೇ ಸಿದ್ಧ ಪ್ರಾರ್ಥನೆಯೊಂದನ್ನು ಕೊಟ್ಟಿರುವುದು ಗಮನಾರ್ಹ. ಕಂಠಪಾಠವೇ ಕಪಟವೆಂದು ವಾದಿಸುವವರು ಈ ಅಂಶವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಲೂಕ 18ರ ಸಾಮತಿಯಲ್ಲಿ ಫರಿಸಾಯನು ತನ್ನ ಉಪವಾಸ, ದಾನಗಳನ್ನು ಪಟ್ಟಿ ಮಾಡುತ್ತಾನೆ. ಸುಂಕದವನು ದೂರದಲ್ಲಿ ನಿಂತು ಕರುಣೆಯನ್ನಷ್ಟೇ ಬೇಡುತ್ತಾನೆ. ಮೆಚ್ಚುಗೆಗೆ ಪಾತ್ರನಾಗುವವನು ಎರಡನೆಯವನು. ಕೀರ್ತನೆಗಳ ಗ್ರಂಥದಲ್ಲಿ ಸ್ತುತಿಯ ಜೊತೆಗೆ ದೂರು, ಸಿಟ್ಟು, ಹತಾಶೆಗಳೂ ದೇವರ ಮುಂದೆ ಮುಚ್ಚುಮರೆಯಿಲ್ಲದೆ ವ್ಯಕ್ತವಾಗಿವೆ.

ಬೋಧನಾ ಪರಂಪರೆ

ಸರ್ವಜ್ಞನಾದ ದೇವರಿಗೆ ಕೋರಿಕೆಯನ್ನು ಹೇಳಿಕೊಳ್ಳುವ ಅಗತ್ಯವೇನು ಎಂಬ ಪ್ರಶ್ನೆಯನ್ನು ಸಂತ ಆಗಸ್ಟಿನ್ 5ನೆಯ ಶತಮಾನದ ಆರಂಭದಲ್ಲಿ ಪ್ರೋಬಾ ಎಂಬ ರೋಮನ್ ವಿಧವೆಗೆ ಬರೆದ ಪತ್ರದಲ್ಲಿ ಎತ್ತಿಕೊಂಡಿದ್ದಾನೆ. ಪ್ರಾರ್ಥನೆಯು ದೇವರಿಗೆ ಮಾಹಿತಿ ನೀಡುವುದಕ್ಕಲ್ಲ, ಪ್ರಾರ್ಥಿಸುವವನ ಹಂಬಲವನ್ನು ಹಿಗ್ಗಿಸುವುದಕ್ಕೆ ಎಂಬುದು ಅವನ ಉತ್ತರದ ಸಾರ.

ಕೆಲಸಗಾರರಿಗೆ ಹತ್ತಿರವಾದ ಪಾಠ ಮಾರ್ಟಿನ್ ಲೂಥರನದು. ಪ್ರಾರ್ಥಿಸುವುದು ಹೇಗೆಂದು ಕೇಳಿದ ಪೀಟರ್ ಎಂಬ ಕ್ಷೌರಿಕನಿಗಾಗಿ ಅವನು 1535ರಲ್ಲಿ ಕಿರುಹೊತ್ತಗೆಯೊಂದನ್ನು ಬರೆದುಕೊಟ್ಟನು. ಒಳ್ಳೆಯ ಕ್ಷೌರಿಕನ ಗಮನವೆಲ್ಲ ಕತ್ತಿಯ ಮೇಲಿರುತ್ತದೆ; ಹರಟುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗೋ ಕೊರಳೋ ಕುಯ್ದೀತು. ಪ್ರಾರ್ಥನೆಗೂ ಅಷ್ಟೇ ಏಕಾಗ್ರತೆ ಬೇಕೆಂದು ಲೂಥರ್ ವಿವರಿಸುತ್ತಾನೆ. ಕರ್ತನ ಪ್ರಾರ್ಥನೆಯನ್ನೂ ಹತ್ತು ಆಜ್ಞೆಗಳನ್ನೂ ಒಂದೊಂದಾಗಿ ಧ್ಯಾನಿಸಬೇಕು. ನಡುವೆ ಸ್ವಂತ ಒಳ್ಳೆಯ ಆಲೋಚನೆ ಉಕ್ಕಿ ಬಂದರೆ ಪಠ್ಯವನ್ನು ಅಲ್ಲಿಗೇ ಬಿಟ್ಟು ಅದನ್ನು ಅನುಸರಿಸಬೇಕು. ಕಂಠಪಾಠ ಮತ್ತು ಸ್ವಂತ ಮಾತಿನ ವಿವಾದಕ್ಕೆ ಇದಕ್ಕಿಂತ ಪ್ರಾಯೋಗಿಕವಾದ ಪರಿಹಾರ ವಿರಳ.

ಕರ್ನಾಟಕದಲ್ಲಿ

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನಡೆಸಿದ ಅನುವಾದ ಕಾರ್ಯದ ಫಲವಾಗಿ 1831ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ದೊರೆಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಹೃದಯದ ಪರಿವರ್ತನೆಗೂ ಸ್ವಂತ ಮಾತಿನ ಪ್ರಾರ್ಥನೆಗೂ ಒತ್ತು ಕೊಡುವ ಪಯಟಿಸಂ ಪಂಥದ ಹಿನ್ನೆಲೆಯವರು. ಅವರ ಹಂಚಿನ ಹಾಗೂ ನೇಯ್ಗೆಯ ಕಾರ್ಖಾನೆಗಳಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಕೂಲಿ ಕೊಡುವವರೇ ಪ್ರಾರ್ಥನೆಗೂ ಕರೆದಾಗ ಅದರಲ್ಲಿ ಭಕ್ತಿಯ ಪಾಲೆಷ್ಟು, ವಿಧೇಯತೆಯ ಪಾಲೆಷ್ಟು ಎಂದು ಅಳೆಯುವುದು ಸುಲಭವಲ್ಲ.

ಕಥೋಲಿಕರ ಬಲಿಪೂಜೆ ಬಹುಕಾಲ ಲ್ಯಾಟಿನ್ ಭಾಷೆಯಲ್ಲಿ ನಡೆಯಿತು. ಜನ ತಮ್ಮ ಭಾಷೆಯಲ್ಲಿ ಜಪಸರ, ನವೇನಗಳನ್ನು ಹೇಳಿಕೊಳ್ಳುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳ ಬಳಕೆಗೆ ಅನುಮತಿ ನೀಡಿದ ಮೇಲೆ ಪೂಜೆಯೂ ಕನ್ನಡಕ್ಕೆ ಬಂದಿತು. ಡಿ. ಎಸ್. ಅಮಲೋರ್ಪವದಾಸ್ ಅವರು 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಕೇಂದ್ರವು ನೆಲದ ಮೇಲೆ ಕುಳಿತು ಧ್ಯಾನಿಸುವುದು, ಆರತಿ ಮುಂತಾದ ಭಾರತೀಯ ರೂಪಗಳನ್ನು ಆರಾಧನೆಯಲ್ಲಿ ಅಳವಡಿಸಿತು. ಮುಂದೆ ಅವರು ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದರು.

ಕನ್ನಡ ವ್ಯಾಕರಣವೂ ಇಲ್ಲಿ ಒಂದು ಆಯ್ಕೆಯನ್ನು ಮುಂದಿಡುತ್ತದೆ. ಪ್ರಾಟೆಸ್ಟೆಂಟರ ಹಳೆಯ ಅನುವಾದವು ದೇವರನ್ನು ‘ನೀನು’ ಎಂದು ಸಂಬೋಧಿಸುತ್ತದೆ. ವಚನಕಾರರೂ ಹರಿದಾಸರೂ ದೇವರೊಡನೆ ಮಾತನಾಡಿದ ಬಗೆಯೂ ಇದೇ. ಕಥೋಲಿಕರು ಇಂದು ಬಳಸುವ ಪಠ್ಯದಲ್ಲಿ ಗೌರವಸೂಚಕವಾದ ‘ನಿಮ್ಮ’ ಇದೆ. ತಂದೆಯೊಡನೆ ಸಲಿಗೆಯಿರಬೇಕೆ, ಮರ್ಯಾದೆಯಿರಬೇಕೆ ಎಂಬ ಮನೆಯ ಪ್ರಶ್ನೆಯೇ ಇಲ್ಲಿಯೂ ಎದುರಾಗುತ್ತದೆ.

ಪೀಣ್ಯದ ಸನ್ನಿವೇಶ

ಬೆಂಗಳೂರಿನ ವಾಯವ್ಯಕ್ಕೆ ತುಮಕೂರು ರಸ್ತೆಯ ಬದಿಯಲ್ಲಿ 1970ರ ದಶಕದಿಂದ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಉತ್ತರ ಕರ್ನಾಟಕ, ತಮಿಳುನಾಡು, ಆಂಧ್ರ, ಕೇರಳಗಳಿಂದಲೂ ಉತ್ತರದ ರಾಜ್ಯಗಳಿಂದಲೂ ಕೆಲಸಗಾರರು ಬಂದು ನೆಲೆಸಿದ್ದಾರೆ. ಇಂತಹ ಬಡಾವಣೆಗಳ ಕ್ರೈಸ್ತ ಕುಟುಂಬಗಳಲ್ಲಿ ಮಗುವು ಅಜ್ಜಿಯಿಂದ ತಮಿಳಿನಲ್ಲೋ ತೆಲುಗಿನಲ್ಲೋ ಪ್ರಾರ್ಥನೆ ಕಲಿತು, ಶಾಲೆಯಲ್ಲಿ ಕನ್ನಡ ಓದಿ, ಭಾನುವಾರ ಇಂಗ್ಲಿಷ್ ಆರಾಧನೆಗೆ ಹೋಗುವುದುಂಟು. ಮೂರು ಭಾಷೆಗಳಲ್ಲಿ ಒಪ್ಪಿಸಬಲ್ಲ ಮಗುವಿಗೆ ತನ್ನ ಭಯವನ್ನು ಹೇಳಿಕೊಳ್ಳಲು ಒಂದು ಭಾಷೆಯೂ ಪಳಗಿಲ್ಲದಿರಬಹುದು. ಬೆಂಗಳೂರಿನ ಚರ್ಚುಗಳಲ್ಲಿ ಆರಾಧನಾ ಭಾಷೆಯ ಕುರಿತು ನಡೆದಿರುವ ದೀರ್ಘ ವಿವಾದವು ಹೆಚ್ಚಾಗಿ ಹಕ್ಕು ಮತ್ತು ಪ್ರಾತಿನಿಧ್ಯಗಳ ಸುತ್ತ ಸಾಗಿದೆ; ಈ ಮಗುವಿನ ಸಮಸ್ಯೆ ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಪಾಳಿಯಲ್ಲಿ ದುಡಿಯುವವರಿಗೆ ಭಾನುವಾರದ ಆರಾಧನೆ ಪ್ರತಿವಾರವೂ ಒದಗುವುದಿಲ್ಲ. ಬಾಡಿಗೆ ಮನೆಗಳಲ್ಲಿ ಸಂಜೆ ಸೇರುವ ಮನೆಪ್ರಾರ್ಥನೆಗಳು ಆ ಕೊರತೆಯನ್ನು ಕೆಲಮಟ್ಟಿಗೆ ತುಂಬುತ್ತವೆ. ಇವುಗಳಲ್ಲಿ ಪ್ರತಿಯೊಬ್ಬರೂ ತಮಗೆ ಬಂದ ಭಾಷೆಯಲ್ಲಿ ಸರದಿಯಂತೆ ಪ್ರಾರ್ಥಿಸುವುದುಂಟು; ಉಳಿದವರು ಅರ್ಥವಾಗದಿದ್ದರೂ ಕೊನೆಯಲ್ಲಿ ‘ಆಮೆನ್’ ಎನ್ನುತ್ತಾರೆ.