ತಂದೆಯ ಮನೆಯಲ್ಲಿ ಮಗಳ ಪಾಲು: 23ನೇ ಕಲಮಿನ ಹಿಂದೆ ಮುಂದೆ

ಜಮೀನಾದರೆ ನಡುವೆ ಬದು ಹಾಕಿ ಹಂಚಿಕೊಳ್ಳಬಹುದು. ಮನೆಗೆ ಆ ಅನುಕೂಲವಿಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯ ಮಾತು ಬಂದಾಗಲೆಲ್ಲ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬಂದ ಹಕ್ಕೇ ಚರ್ಚೆಯನ್ನೆಲ್ಲ ಆಕ್ರಮಿಸುತ್ತದೆ. ಅದೇ ತಿದ್ದುಪಡಿ ಕಿತ್ತುಹಾಕಿದ ಇನ್ನೊಂದು ಕಲಮು ವಾಸದ ಮನೆಯ ಮಟ್ಟಿಗೆ ಅಷ್ಟೇ ಮುಖ್ಯವಾದದ್ದು.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಮನೆ ಹೆಂಡತಿ, ತಾಯಿ ಮತ್ತು ಎಲ್ಲ ಮಕ್ಕಳಿಗೆ ಸಮನಾಗಿ ಸೇರುತ್ತದೆ. ಮೈಸೂರು ಸಂಸ್ಥಾನದ 1933ರ ಕಾಯಿದೆ ಪಾಲಾಗುವಾಗ ಮದುವೆಯಾಗದ ಸೋದರಿಗೆ ಸೋದರನ ಪಾಲಿನ ಕಾಲುಭಾಗವನ್ನಷ್ಟೇ ಕೊಟ್ಟಿತ್ತು. ಅದಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ. ಆದರೆ 23ನೇ ಕಲಮು ಕೊಟ್ಟದ್ದಕ್ಕೆ ಬೀಗ ಹಾಕಿತು. ಕುಟುಂಬದವರು ವಾಸವಿರುವ ಮನೆಯನ್ನು ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣು ವಾರಸುದಾರಳು ವಿಭಾಗ ಕೇಳುವಂತಿರಲಿಲ್ಲ. ಮದುವೆಯಾಗದ, ವಿಧವೆಯಾದ ಅಥವಾ ಗಂಡನಿಂದ ದೂರವಾದ ಮಗಳು ಅಲ್ಲಿ ವಾಸಿಸಬಹುದಿತ್ತು. ಗಂಡನೊಂದಿಗೆ ಸಂಸಾರ ಮಾಡಿಕೊಂಡಿದ್ದವಳಿಗೆ ಅದೂ ಇಲ್ಲ.

ಮಗ ಒಬ್ಬನೇ ಇದ್ದರೆ? ಅವನು ಯಾರೊಂದಿಗೆ ಪಾಲು ಮಾಡಿಕೊಳ್ಳಬೇಕು? ಕರ್ನಾಟಕದಿಂದ ಹೋದ ನರಸಿಂಹಮೂರ್ತಿ–ಸುಶೀಲಾಬಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಒಬ್ಬನೇ ಗಂಡು ವಾರಸುದಾರನಿದ್ದರೂ ಈ ತಡೆ ಅನ್ವಯಿಸುತ್ತದೆ ಎಂದಿತು. ಬಾಡಿಗೆಗೆ ಕೊಟ್ಟ ಮನೆ ಮಾತ್ರ ತಡೆಯ ಹೊರಗೆ. ಅಂದರೆ ಮನೆಯಲ್ಲಿ ಬಾಡಿಗೆದಾರನಿದ್ದರೆ ತಂಗಿಗೆ ಪಾಲು ಕೇಳುವ ದಾರಿಯಿತ್ತು, ಅಣ್ಣನೇ ಇದ್ದರೆ ಇರಲಿಲ್ಲ!

ಕರ್ನಾಟಕದ 1994ರ ತಿದ್ದುಪಡಿಯೂ ಈ ಬೀಗ ಮುಟ್ಟಲಿಲ್ಲ. ಅದಕ್ಕೂ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಹಕ್ಕಿನಿಂದಲೂ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಎರಡೂ ತಡೆ ಹೋದವು. ಆ ದಿನ ತಂದೆ ಬದುಕಿರಲೇಬೇಕೇ ಎಂಬ ಜಗಳ 2020ರ ವಿನೀತಾ ಶರ್ಮಾ ತೀರ್ಪಿನವರೆಗೆ ಎಳೆಯಿತು, ಬೇಕಿಲ್ಲ ಎಂದಾಯಿತು. ಬಾಯಿಮಾತಿನ ಪಾಲನ್ನು ಸಾರ್ವಜನಿಕ ದಾಖಲೆಗಳ ಬಲವಿಲ್ಲದೆ ಒಪ್ಪಲಾಗದೆಂದೂ ಆ ತೀರ್ಪು ಹೇಳಿದೆ. ಪಂಚರ ಸಮಕ್ಷಮ ಹಾಳೆಯ ಮೇಲೆ ಬರೆದು ಪೆಟ್ಟಿಗೆಯಲ್ಲಿಟ್ಟ ಪಾಲುಪಟ್ಟಿಗಳಿಗೆ ಇದು ಗಟ್ಟಿ ಏಟು.

ಈಗ ಪಾಲು ತಪ್ಪುವುದು ಕಾಯಿದೆಯಿಂದಲ್ಲ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ. ಅಣ್ಣ ಖಾತೆ ಬದಲಾಯಿಸಬೇಕು ಅಥವಾ ಸಾಲ ತೆಗೆಯಬೇಕು ಎಂದಾಗ ತಂಗಿಯರು ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿ, ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ. ಗೌರಿ ಹಬ್ಬದ ಬಾಗಿನ ನಿಲ್ಲಬಾರದಲ್ಲ. ಪತ್ರದಲ್ಲಿ ‘ಸ್ವಇಚ್ಛೆಯಿಂದ’ ಎಂದೇ ಇರುತ್ತದೆ. ಅದನ್ನು ಪೂರ್ತಿ ಸುಳ್ಳೆನ್ನುವುದೂ ಸರಿಯಲ್ಲ, ತವರಿನ ನಂಟಿಗೂ ಬೆಲೆಯಿದೆ. ಖಾತೆ ಬದಲಾದ ಮಾತ್ರಕ್ಕೆ ಮಾಲಿಕತ್ವ ಬರುವುದಿಲ್ಲ. ನೋಂದಾಯಿತ ಬಿಡುಗಡೆಯಿಂದ ಮಾತ್ರ ಹಕ್ಕು ನಿಜಕ್ಕೂ ಹೋಗುತ್ತದೆ.

ಬಿಟ್ಟುಕೊಡದವರ ಲೆಕ್ಕ ಬೇರೆ. ಬೆಂಗಳೂರಿನ ಮೂವತ್ತು–ನಲವತ್ತರ ನಿವೇಶನ 1,200 ಚದರಡಿ. ಮೂವರು ಮಕ್ಕಳಿಗೆ ತಲಾ 400. ಮೆಟ್ಟಿಲು, ಸಂಪು, ಗೇಟು ಯಾರಿಗೆ? ಇಂಥ ಕಡೆ 1893ರ ವಿಭಾಗ ಅಧಿನಿಯಮ ಕೆಲಸಕ್ಕೆ ಬರುತ್ತದೆ. ಅರ್ಧ ಅಥವಾ ಅದಕ್ಕೂ ಹೆಚ್ಚು ಪಾಲಿನವರು ಕೋರಿದರೆ, ಹಂಚುವ ಬದಲು ಮಾರಿ ಹಣ ಹಂಚುವಂತೆ ನ್ಯಾಯಾಲಯ ನಿರ್ದೇಶಿಸಬಹುದು. ಮೂರರಲ್ಲೊಂದು ಪಾಲಿನ ತಂಗಿ ಒಬ್ಬಳೇ ಅದನ್ನು ಕೇಳಲಾರಳು, ಇಬ್ಬರು ಒಟ್ಟಾದರೆ ಕೇಳಬಹುದು. ಆಗ ಮನೆ ಬಿಡಲೊಲ್ಲದ ಅಣ್ಣ ನ್ಯಾಯಾಲಯ ಕಟ್ಟಿದ ಬೆಲೆಗೆ ಅವರ ಪಾಲನ್ನು ತಾನೇ ಕೊಳ್ಳಲು ಅರ್ಜಿ ಹಾಕಬಹುದು.