ಸಾಲಾರ್ ಜಂಗ್ ಕಲಾಸಂಗ್ರಹ
ಹೈದರಾಬಾದ್ ನಿಜಾಮರಿಗೆ ದಿವಾನರನ್ನು ಕೊಟ್ಟ ಸಾಲಾರ್ ಜಂಗ್ ಮನೆತನ ಮೂರು ತಲೆಮಾರುಗಳಲ್ಲಿ ಕೂಡಿಸಿದ ಸಂಗ್ರಹ. ಮನೆತನದ ಮೊದಲ ಸಾಲಾರ್ ಜಂಗ್, ಮೀರ್ ತುರಾಬ್ ಅಲಿ ಖಾನ್, 1876ರಲ್ಲಿ ರೋಮ್‌ನಲ್ಲಿ ಕೊಂಡ, ಶಿಲ್ಪಿ ಬೆಂಜೋನಿಯ ‘ಮುಸುಕಿನ ರೆಬೆಕ್ಕಾ’ ಇದರ ಹೆಸರಾಂತ ಶಿಲ್ಪ. ಅಮೃತಶಿಲೆಯ ಮುಸುಕಿನೊಳಗಿಂದ ಮುಖ ಕಾಣುವಂತೆ ಕಡೆದ ಕೌಶಲ ಬೆರಗು ಹುಟ್ಟಿಸುತ್ತದೆ. ಆದರೆ ಸಂಗ್ರಹದ ಬಹುಪಾಲು ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889–1949) ಅವರದು. 1914ರಲ್ಲಿ ದಿವಾನಗಿರಿ ಬಿಟ್ಟ ಮೇಲೆ ಅವರು ಬದುಕನ್ನೂ ಸಂಪತ್ತನ್ನೂ ಇದಕ್ಕೇ ಸುರಿದರು. ಹಸ್ತಪ್ರತಿ, ಜೇಡ್ ಕೆತ್ತನೆ, ಪಿಂಗಾಣಿ, ಗಡಿಯಾರ, ಆಟಿಕೆ, ಊರುಗೋಲು: ಆಯ್ಕೆಗಿಂತ ಆಸೆಯೇ ಮುಂದಿತ್ತೆನ್ನಬಹುದು. ಅವಿವಾಹಿತರಾಗಿ ತೀರಿಕೊಂಡ ಅವರ ಸಂಗ್ರಹ 1951ರಲ್ಲಿ ಮನೆತನದ ಅರಮನೆ ದಿವಾನ್ ದೇವಡಿಯಲ್ಲಿ ವಸ್ತುಸಂಗ್ರಹಾಲಯವಾಯಿತು. 1961ರ ಸಂಸತ್ ಕಾಯ್ದೆ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. 1968ರಿಂದ ಅದು ಮೂಸಿ ನದಿಯ ದಂಡೆಯ ಕಟ್ಟಡದಲ್ಲಿದೆ.