ಕಾದಾಟದ ಕ್ರೀಡೆಗಳಲ್ಲಿ ನಿಯಮ ಮತ್ತು ಸುರಕ್ಷತೆ: ಕರ್ನಾಟಕದ ಇತಿಹಾಸ

ಕುಸ್ತಿ, ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಮತ್ತು ಎಂಎಂಎ ಎಂದೇ ಹೆಸರಾದ ಮಿಶ್ರ ಸಮರ ಕಲೆ, ಇವು ಇಬ್ಬರು ಎದುರುಬದುರು ನಿಂತು ಮೈಬಲದಿಂದ ಸೆಣಸುವ ಕ್ರೀಡೆಗಳು. ಇವುಗಳಲ್ಲಿ ಹವ್ಯಾಸಿ ಸ್ಪರ್ಧಿಗಳ ಜೀವ ಕಾಯಲು ಕಾಲಕಾಲಕ್ಕೆ ಬೆಳೆದ ಕಟ್ಟುಪಾಡುಗಳು ಈ ಲೇಖನದ ವಸ್ತು. ಕರ್ನಾಟಕದಲ್ಲಿ ಈ ಕಟ್ಟುಪಾಡುಗಳ ಮೂಲ ಗರಡಿಮನೆಯಲ್ಲಿದೆ. ಪಂಜರದೊಳಗಿನ ಎಂಎಂಎ ಇಲ್ಲಿಗೆ ಬಂದದ್ದು ತೀರ ಈಚೆಗೆ. ಆದರೆ ಕಾಳಗವನ್ನು ಯಾವಾಗ ನಿಲ್ಲಿಸಬೇಕು, ನಿಲ್ಲಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಇಲ್ಲಿ ಹಳೆಯವು.

ಜಟ್ಟಿಗಳ ಕಾಲ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದದ ಭಾಗವೊಂದಿದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆಗಳಾಗಿ ವಿಂಗಡಿಸಲಾಗಿದೆ. ಅವರ ಆಹಾರ, ಸಾಧನೆಗಳ ವಿವರವೂ ಇದೆ. ಸರಿಸಮನಾದವನನ್ನೇ ಎದುರು ನಿಲ್ಲಿಸಬೇಕೆಂಬ ವಿವೇಕ ಈ ವಿಂಗಡಣೆಯ ಹಿಂದಿದೆ. ಇಂದಿನ ತೂಕದ ವಿಭಾಗಗಳು ಮಾಡುವುದೂ ಇದೇ ಕೆಲಸವನ್ನು.

ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ ಇನ್ನೂ ಉಳಿದಿದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನಚು ಮುಷ್ಟಿಯಾಯುಧ ತೊಟ್ಟು ಕಣಕ್ಕಿಳಿಯುತ್ತಾರೆ. ಇದರಷ್ಟು ಉಗ್ರವಾದ ಸ್ಪರ್ಧೆ ಇನ್ನೊಂದಿಲ್ಲ ಎನ್ನಿಸಬಹುದು. ಆದರೂ ಇದಕ್ಕಿರುವ ನಿಯಮ ಬಹಳ ಸ್ಪಷ್ಟ: ಇಬ್ಬರಲ್ಲಿ ಒಬ್ಬನ ತಲೆಯಿಂದ ರಕ್ತ ಕಾಣಿಸಿಕೊಂಡೊಡನೆ ಕಾಳಗ ಮುಗಿಯಿತು. ಬಹಳ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಬೋಳಿಸಿದ ತಲೆಯ ಮೇಲೆ ಒಂದು ಹನಿ ಕಂಡರೂ ಸುತ್ತ ನಿಂತವರಿಗೆಲ್ಲ ತಿಳಿಯುತ್ತದೆ, ವಾದಕ್ಕೆ ಎಡೆಯೇ ಇಲ್ಲ. ಆದರೆ ಈ ನಿಯಮ ಕಾಯುವುದು ಕಣ್ಣಿಗೆ ಕಾಣುವ ಗಾಯವನ್ನು ಮಾತ್ರ. ತಲೆಬುರುಡೆಯ ಒಳಗೆ ಸುರಿಯುವ ರಕ್ತ ಯಾರಿಗೂ ಕಾಣುವುದಿಲ್ಲ. ಇಂದಿನ ಸುರಕ್ಷತಾ ನಿಯಮಗಳಲ್ಲಿ ಬಹುಪಾಲು ಹುಟ್ಟಿರುವುದು ಆ ಕಾಣದ ರಕ್ತದ ಭಯದಿಂದ.

ಜೋಡಿ ಕಟ್ಟುವುದು

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ನಗರದೇವತೆ ದುರ್ಗಾಂಬಿಕೆಯ ಜಾತ್ರೆಗೆ, ಜನರ ಬಾಯಲ್ಲಿ ದುಗ್ಗಮ್ಮನ ಜಾತ್ರೆಗೆ, ಬಯಲು ಕುಸ್ತಿ ಇಲ್ಲದೆ ಕಳೆಯಿಲ್ಲ. ಮಧ್ಯ ಕರ್ನಾಟಕದ ಊರೂರ ಜಾತ್ರೆಗಳಲ್ಲೂ ಹೀಗೆಯೇ. ಇಂಥ ಕುಸ್ತಿಯಲ್ಲಿ ಸ್ಪರ್ಧೆಗಿಂತ ಮೊದಲು ನಡೆಯುವ ಕೆಲಸವೊಂದಿದೆ. ಅದನ್ನು ಜೋಡಿ ಕಟ್ಟುವುದು ಎನ್ನುತ್ತಾರೆ. ಅಂಗಿ ಕಳಚಿದ ಇಬ್ಬರು ಹುಡುಗರನ್ನು ಹಿರಿಯ ಪೈಲ್ವಾನರು ಭುಜಕ್ಕೆ ಭುಜ ಸೇರಿಸಿ ನಿಲ್ಲಿಸುತ್ತಾರೆ. ಎತ್ತರ ಅಳೆಯುತ್ತಾರೆ, ಕುತ್ತಿಗೆ, ತೋಳು, ತೊಡೆ ನೋಡುತ್ತಾರೆ, ಯಾವ ಗರಡಿ, ಎಷ್ಟು ವರ್ಷದ ಸಾಧನೆ ಎಂದು ವಿಚಾರಿಸುತ್ತಾರೆ. ಒಬ್ಬನ ಕಿವಿ ಮುರಿದು ಗಂಟುಗಟ್ಟಿದ್ದು ಇನ್ನೊಬ್ಬನ ಕಿವಿ ಎಳೆಯದಾಗಿಯೇ ಇದ್ದರೆ ತಲೆಯಾಡಿಸಿ ಬೇರೆ ಮಾಡುತ್ತಾರೆ. ಮುರಿದ ಕಿವಿ ವರ್ಷಗಟ್ಟಲೆ ಸೆಣಸಿದವನ ಗುರುತು, ತೂಕದ ಯಂತ್ರ ಹೇಳಲಾರದ ಮಾತನ್ನು ಅದು ಹೇಳುತ್ತದೆ. ಒಪ್ಪಿಗೆಯಾದರೆ ಇಬ್ಬರ ಕೈಗಳನ್ನೂ ಹಿಡಿದೆತ್ತಿ ಜನಕ್ಕೆ ತೋರಿಸುತ್ತಾರೆ, ಹಲಗೆ ಮೊಳಗುತ್ತದೆ. ಮೈಸೂರು ದಸರಾ ಕುಸ್ತಿಗೆ ಮುಂಚಿತವಾಗಿ ಜೋಡಿ ಕಟ್ಟುವ ಕಾರ್ಯಕ್ರಮ ಪ್ರತ್ಯೇಕವಾಗಿ, ಇದೇ ಹೆಸರಿನಲ್ಲಿ ನಡೆಯುತ್ತದೆ.

ಸುರಕ್ಷತೆಯ ಇತಿಹಾಸದಲ್ಲಿ ಈ ಪದ್ಧತಿಗೆ ಸಲ್ಲಬೇಕಾದ ಸ್ಥಾನ ಸಿಕ್ಕಿಲ್ಲ. ಬರೆದಿಟ್ಟ ನಿಯಮಾವಳಿ ಇಲ್ಲದ ಕಾಲದಲ್ಲೂ ಎಳೆಯನೊಬ್ಬ ಪಳಗಿದವನ ಕೈಗೆ ಸಿಕ್ಕು ನುಗ್ಗಾಗದಂತೆ ಕಾದದ್ದು ಇದೇ. ಇದರ ದೌರ್ಬಲ್ಯವೂ ಇಲ್ಲೇ ಇದೆ. ಎಲ್ಲವೂ ಜೋಡಿ ಕಟ್ಟುವವನ ಅನುಭವ ಮತ್ತು ಪ್ರಾಮಾಣಿಕತೆಯ ಮೇಲೆ ನಿಂತಿದೆ. ಆ ಕಣ್ಣು ತಪ್ಪಿದರೆ ಅದನ್ನು ತಿದ್ದಲು ಬೇರೆ ಏರ್ಪಾಡಿಲ್ಲ.

ಗರಡಿಯ ಮಣ್ಣೂ ಸುರಕ್ಷತೆಯ ಸಾಧನವೇ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸ ಬೆರೆಸಿ, ದಿನವೂ ಅಗೆದು ಸಡಿಲ ಮಾಡುತ್ತಾರೆ. ಸಡಿಲ ಮಣ್ಣು ಬಿದ್ದವನ ಬೆನ್ನನ್ನು ಕಾಯುತ್ತದೆ. ಅಗೆಯದೆ ಬಿಟ್ಟ ಅಖಾಡ ಗಟ್ಟಿ ನೆಲವೇ ಸರಿ. ನಾಡ ಕುಸ್ತಿಯಲ್ಲಿ ಹೊಡೆತಕ್ಕಾಗಲಿ, ಕತ್ತು ಹಿಸುಕುವುದಕ್ಕಾಗಲಿ ಜಾಗವಿಲ್ಲ. ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಮುಗಿಯಿತು. ಆದರೆ ಫಲಿತಾಂಶ ಬರುವವರೆಗೂ ನಡೆಯುವ ನಿಕಾಲಿ ಕುಸ್ತಿಗೆ ಕಾಲಮಿತಿ ಇರಲಿಲ್ಲ. ದಣಿದ ದೇಹಕ್ಕೆ ಆಗುವ ಪೆಟ್ಟುಗಳಿಗೆ ದಾರಿಯಾಗುತ್ತಿದ್ದುದು ಇದೇ.

ಮ್ಯಾಟ್, ಗಡಿಯಾರ, ತಕ್ಕಡಿ

ಅಂತರರಾಷ್ಟ್ರೀಯ ಪಾಯಿಂಟ್ ಕುಸ್ತಿ ಕಾಲಮಿತಿಯನ್ನು ತಂದಿತು. ಈಗ ಹಿರಿಯರ ಪಂದ್ಯ 3 ನಿಮಿಷದ ಎರಡು ಅವಧಿ, ನಡುವೆ 30 ಸೆಕೆಂಡು ವಿಶ್ರಾಂತಿ. ಫ್ರೀಸ್ಟೈಲ್‌ನಲ್ಲಿ 10 ಅಂಕ, ಗ್ರೀಕೋ-ರೋಮನ್‌ನಲ್ಲಿ 8 ಅಂಕ ಮುಂದಿದ್ದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಬರಿಯ ಅಂಕದ ಲೆಕ್ಕ ಎಂದುಕೊಳ್ಳಬಾರದು. ಸೋಲು ಖಚಿತವಾದವನನ್ನು ಮತ್ತೆ ಮತ್ತೆ ಎತ್ತಿ ಒಗೆಯಲು ಬಿಡದ ನಿಯಮವಿದು.

ತಕ್ಕಡಿ ಬಂದಾಗ ಹೊಸ ಅಪಾಯವೂ ಜೊತೆಗೇ ಬಂತು. ಕೆಳಗಿನ ತೂಕದ ವಿಭಾಗದಲ್ಲಿ ಆಡಿದರೆ ಗೆಲುವು ಸುಲಭವೆಂದು ನೀರು ಬಿಟ್ಟು, ಬೆವರು ಹರಿಸಿ ಮೈ ಒಣಗಿಸಿಕೊಳ್ಳುವ ಚಾಳಿ ಎಲ್ಲೆಡೆ ಬೇರೂರಿತು. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಕೆಲವೇ ವಾರಗಳ ಅಂತರದಲ್ಲಿ ಹೀಗೆಯೇ ಸತ್ತರು. 2015ರ ಡಿಸೆಂಬರಿನಲ್ಲಿ ಮನಿಲಾದಲ್ಲಿ ಎಂಎಂಎ ಪಂದ್ಯಕ್ಕೆ ತೂಕ ಇಳಿಸುತ್ತಿದ್ದ ಚೀನಾದ ಯಾಂಗ್ ಜಿಯಾನ್‌ಬಿಂಗ್ 21ನೆಯ ವಯಸ್ಸಿಗೇ ತೀರಿಕೊಂಡ. ನೀರು ಒಣಗಿದ ದೇಹದಲ್ಲಿ ರಕ್ತ ಮಂದವಾಗುತ್ತದೆ, ಮೂತ್ರಪಿಂಡ ಸೋಲುತ್ತದೆ, ಹೃದಯ ತಾಳ ತಪ್ಪುತ್ತದೆ. ಅದೇ ಸ್ಥಿತಿಯಲ್ಲಿ ತಲೆಗೆ ಪೆಟ್ಟು ಬಿದ್ದರೆ ಅಪಾಯ ಇನ್ನೂ ಹೆಚ್ಚು.

ಸ್ಪರ್ಧೆಯ ದಿನ ಬೆಳಿಗ್ಗೆಯೇ ತೂಗುವ ನಿಯಮ ಕುಸ್ತಿಗೆ ಬಂದದ್ದು ಇದನ್ನು ತಡೆಯಲೆಂದೇ. ಸ್ಪರ್ಧೆ ಎರಡು ದಿನದ್ದಾದರೆ ಎರಡೂ ಬೆಳಿಗ್ಗೆ ತೂಕ. 2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಕೆ.ಜಿ. ಕುಸ್ತಿ ಫೈನಲ್‌ಗೆ ಮುನ್ನ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದದ್ದು ಈ ನಿಯಮದಡಿಯಲ್ಲಿಯೇ. ಆ ದಿನ ಇಡೀ ದೇಶ ಮರುಗಿತು. ಆದರೆ ರಾತ್ರಿಯಿಡೀ ಓಡಿ, ನೀರು ಬಿಟ್ಟು, ಕೂದಲು ಕತ್ತರಿಸಿಕೊಂಡು ತೂಕ ಇಳಿಸಲು ಹೆಣಗುವ ಸ್ಥಿತಿ ಕ್ರೀಡಾಪಟುವಿಗೆ ಯಾಕೆ ಬರಬೇಕು ಎಂಬ ಪ್ರಶ್ನೆ ಅದಕ್ಕೆ ತಕ್ಕಷ್ಟು ಚರ್ಚೆಯಾಗಲಿಲ್ಲ.

ಪಂಜರದ ಪಾಠ

ಎಂಎಂಎ ನಿಯಮಗಳ ಚರಿತ್ರೆ ಆರಂಭವಾಗುವುದು ನಿಯಮವೇ ಇಲ್ಲ ಎಂಬ ಜಾಹೀರಾತಿನಿಂದ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಕೂಟದಲ್ಲಿ ಕಚ್ಚುವುದು ಮತ್ತು ಕಣ್ಣಿಗೆ ಬೆರಳು ಹಾಕುವುದು ನಿಷಿದ್ಧವಾಗಿತ್ತು. ತೂಕದ ವಿಭಾಗಗಳು ಇರಲಿಲ್ಲ. ಎಲ್ಲಕ್ಕಿಂತ ಭಯಂಕರ ಸಂಗತಿಯೆಂದರೆ ಪಂದ್ಯ ನಿಲ್ಲಿಸುವ ಅಧಿಕಾರವೇ ರೆಫರಿಗೆ ಇರಲಿಲ್ಲ. ಸ್ಪರ್ಧಿ ತಾನೇ ತಟ್ಟಿ ಸೋಲೊಪ್ಪಬೇಕು, ಇಲ್ಲವೇ ಅವನ ಕಡೆಯವರು ಟವೆಲ್ ಎಸೆಯಬೇಕು. ಪ್ರಜ್ಞೆ ತಪ್ಪಿದವನು ತಟ್ಟುವುದು ಹೇಗೆ? ರೆಫರಿ ಜಾನ್ ಮೆಕಾರ್ಥಿ ಪಟ್ಟು ಹಿಡಿದ ಮೇಲೆ 1994ರಲ್ಲಿ, ಮೂರನೆಯ ಕೂಟದ ಹೊತ್ತಿಗೆ, ನಿಲ್ಲಿಸುವ ಅಧಿಕಾರ ರೆಫರಿಯ ಕೈಗೆ ಬಂತು. ಮುಂದೆ ಸೆನೆಟರ್ ಜಾನ್ ಮೆಕೇನ್ ಈ ಕ್ರೀಡೆಯನ್ನು ಮನುಷ್ಯರ ಕೋಳಿಅಂಕ ಎಂದು ಜರೆದು ಹಲವು ರಾಜ್ಯಗಳಲ್ಲಿ ಬಾಗಿಲು ಮುಚ್ಚಿಸಿದರು. ಆ ಒತ್ತಡದಲ್ಲಿ ನ್ಯೂಜೆರ್ಸಿಯ ಕ್ರೀಡಾ ನಿಯಂತ್ರಣ ಮಂಡಳಿ 2000–2001ರಲ್ಲಿ ಏಕರೂಪ ನಿಯಮಾವಳಿಗೆ ರೂಪ ಕೊಟ್ಟಿತು.

2012ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಎಂಎಂಎ ಒಕ್ಕೂಟ ಹವ್ಯಾಸಿಗಳಿಗಾಗಿ ಇದನ್ನು ಇನ್ನಷ್ಟು ಬಿಗಿ ಮಾಡಿತು. ವೃತ್ತಿಪರರ 5 ನಿಮಿಷದ ಸುತ್ತು ಇಲ್ಲಿ 3 ನಿಮಿಷಕ್ಕೆ ಇಳಿಯಿತು. ಮೊಣಕೈ ಹೊಡೆತ, ತಲೆಗೆ ಮಂಡಿಯೇಟು, ಹಿಮ್ಮಡಿ ತಿರುಚುವ ಪಟ್ಟು, ಬೆನ್ನುಮೂಳೆ ತಿರುಚುವ ಪಟ್ಟುಗಳು ನಿಷಿದ್ಧವಾದವು. ದೊಡ್ಡ ಕೈಗವಸು ಮತ್ತು ಮುಂಗಾಲಿನ ಕವಚ ಕಡ್ಡಾಯವಾದವು. ಕಿರಿಯ ವಯೋವರ್ಗಗಳಲ್ಲಿ ತಲೆಗೆ ಹೊಡೆಯುವುದೇ ತಪ್ಪು. ಹಿಮ್ಮಡಿಯ ಪಟ್ಟನ್ನು ನಿಷೇಧಿಸಿದ್ದಕ್ಕೆ ಕಾರಣವಿದೆ. ಮೊಣಕೈಯನ್ನು ಹಿಂದಕ್ಕೆ ಮಡಿಚಿದಾಗ ನೋವು ಮೊದಲು ಬರುತ್ತದೆ, ಮುರಿತ ಆಮೇಲೆ. ಹಾಗಾಗಿ ತಟ್ಟಲು ಸಮಯ ಸಿಗುತ್ತದೆ. ಹಿಮ್ಮಡಿ ತಿರುಚಿದಾಗ ನೋವು ತಿಳಿಯುವಷ್ಟರಲ್ಲಿ ಮಂಡಿಯ ಅಸ್ಥಿರಜ್ಜು ಹರಿದೇ ಹೋಗಿರುತ್ತದೆ. ಹೊಸಬನಿಗೆ ಈ ವ್ಯತ್ಯಾಸ ತಿಳಿಯುವುದು ಪೆಟ್ಟು ಬಿದ್ದ ಮೇಲೆಯೇ.

ಕೈಗವಸಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಅದು ಮುಖ್ಯವಾಗಿ ಕಾಯುವುದು ಹೊಡೆಯುವವನ ಬೆರಳ ಮೂಳೆಗಳನ್ನು. ತಲೆಗವಸು ಸೀಳುಗಾಯಗಳನ್ನು ತಗ್ಗಿಸುತ್ತದೆ. ಬುರುಡೆಯೊಳಗೆ ಮಿದುಳು ಗಿರ್ರನೆ ತಿರುಗಿ ನಾಳಗಳು ಹರಿಯುವುದನ್ನು ಅದು ತಡೆಯಲಾರದು. ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ 2013ರಲ್ಲಿ ಹಿರಿಯ ಪುರುಷರ ತಲೆಗವಸನ್ನು ತೆಗೆದುಹಾಕಿತು. ಆ ನಿರ್ಧಾರದ ಬಗ್ಗೆ ವಾದ ಇನ್ನೂ ಮುಗಿದಿಲ್ಲ.

2022ರ ಜುಲೈ

ಕರ್ನಾಟಕದ ಮಟ್ಟಿಗೆ ಈ ಇತಿಹಾಸದ ಅತಿ ನೋವಿನ ಪುಟ 2022ರ ಜುಲೈ 10. ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕೆ-1 ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಮೈಸೂರಿನ 23 ವರ್ಷದ ಯುವಕನೊಬ್ಬ ಎದುರಾಳಿಯ ಹೊಡೆತಕ್ಕೆ ನೆಲಕ್ಕುರುಳಿದ. ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಕೆಲವು ದಿನಗಳಲ್ಲೇ ಅವನ ಪ್ರಾಣ ಹೋಯಿತು. ಸ್ಥಳದಲ್ಲಿ ವೈದ್ಯಕೀಯ ನೆರವಿನ ತಕ್ಕ ಏರ್ಪಾಡು ಇರಲಿಲ್ಲವೆಂದು ಮನೆಯವರು ದೂರಿದರು. ನಿರ್ಲಕ್ಷ್ಯದ ಆರೋಪದ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಅವನು ಬೀಳುವ ದೃಶ್ಯ ಸಾವಿರಾರು ಮೊಬೈಲುಗಳಲ್ಲಿ ಓಡಾಡಿತು. ಹೆತ್ತವರಿರುವ ನಾಡಿನಲ್ಲಿ ಅದು ಹಾಗೆ ಹರಿದಾಡಬಾರದಿತ್ತು.

ಕಾನೂನಿನ ದೃಷ್ಟಿಯಲ್ಲಿ ಈ ಕ್ರೀಡೆಗಳು ನಿಂತಿರುವುದು ಒಪ್ಪಿಗೆಯ ಮೇಲೆ. 1860ರ ಭಾರತೀಯ ದಂಡ ಸಂಹಿತೆಯ 87ನೆಯ ಕಲಮು ವಿನೋದಕ್ಕಾಗಿ ಕತ್ತಿವರಸೆ ಆಡುವ ಇಬ್ಬರ ಉದಾಹರಣೆ ಕೊಡುತ್ತಿತ್ತು. ಆಟದ ನಿಯಮದೊಳಗೆ ಆಗುವ ನೋವು ಅಪರಾಧವಲ್ಲ. ಸಾವನ್ನಾಗಲಿ ತೀವ್ರ ಗಾಯವನ್ನಾಗಲಿ ಉಂಟುಮಾಡುವ ಉದ್ದೇಶ ಇರಬಾರದು, ಒಪ್ಪುವವನಿಗೆ 18 ತುಂಬಿರಬೇಕು. ಭಾರತೀಯ ನ್ಯಾಯ ಸಂಹಿತೆಯ 25ನೆಯ ಕಲಮಿನಲ್ಲಿ ಈಗ ಇದೇ ಮುಂದುವರಿದಿದೆ. ಸ್ಪರ್ಧೆಗೆ ಮುನ್ನ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಿಂದ ಎಲ್ಲ ಹೊಣೆಯೂ ಕಳೆಯಿತೆಂದು ಕೆಲವು ಆಯೋಜಕರು ನಂಬಿದ್ದಾರೆ. ಅದು ತಪ್ಪು. ನಿರ್ಲಕ್ಷ್ಯದಿಂದ ಸಾವಾದರೆ ಅದಕ್ಕೆ ಪ್ರತ್ಯೇಕ ಕಲಮೇ ಇದೆ: ಹಿಂದೆ 304ಎ, ಈಗ 106.

ಆಂಬುಲೆನ್ಸ್ ಮತ್ತು ವಿರಾಮ

ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿನ ಹೊರಪದರದ ನಾಳ ಹರಿದರೆ, ಸ್ಪರ್ಧಿ ಎದ್ದು ಕುಳಿತು ಮಾತಾಡಿ, ನೀರು ಕುಡಿದು, ಸ್ವಲ್ಪ ಹೊತ್ತಿನ ಮೇಲೆ ಕುಸಿಯಬಹುದು. ಹೆಚ್ಚುತ್ತಾ ಹೋಗುವ ತಲೆನೋವು, ವಾಂತಿ, ತೂಕಡಿಕೆ, ಒಂದು ಕಣ್ಣಪಾಪೆ ಇನ್ನೊಂದಕ್ಕಿಂತ ಅಗಲವಾಗುವುದು, ಇವು ತಡಮಾಡಬಾರದ ಲಕ್ಷಣಗಳು. ಆಗ ಬೇಕಾದದ್ದು ಸಿ.ಟಿ. ಸ್ಕ್ಯಾನ್ ಮತ್ತು ನರಶಸ್ತ್ರತಜ್ಞರಿರುವ ಆಸ್ಪತ್ರೆ. ಆದ್ದರಿಂದ ಯಾವ ಊರಲ್ಲಿ ಸ್ಪರ್ಧೆ ಎಂಬುದೂ ಸುರಕ್ಷತೆಯ ಪ್ರಶ್ನೆಯೇ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇರುವ ದಾವಣಗೆರೆ ಈ ವಿಷಯದಲ್ಲಿ ಅನುಕೂಲವಂತ ಊರು. ಕೆ.ಬಿ. ಬಡಾವಣೆಯ ಸಭಾಂಗಣವೊಂದರಲ್ಲಿ ಬಿದ್ದ ಹುಡುಗನನ್ನು ಕೆಲವೇ ನಿಮಿಷಗಳಲ್ಲಿ ಆಸ್ಪತ್ರೆಗೆ ಒಯ್ಯಬಹುದು. ಹರಿಹರದಲ್ಲಿ ಬಿದ್ದವನಿಗೆ ಸುಮಾರು 14 ಕಿ.ಮೀ. ದಾರಿ, ಹೆದ್ದಾರಿಯ ದಟ್ಟಣೆ ಬೇರೆ. ಹೀಗಾಗಿಯೇ ಒಳ್ಳೆಯ ಆಯೋಜಕರು ಪಾಲಿಸುವ ನಿಯಮವೊಂದಿದೆ: ಇರುವ ಒಂದೇ ಆಂಬುಲೆನ್ಸ್ ಗಾಯಾಳುವನ್ನು ಹೊತ್ತು ಹೊರಟರೆ, ಅದು ಮರಳುವವರೆಗೆ ಅಥವಾ ಇನ್ನೊಂದು ಬಂದು ನಿಲ್ಲುವವರೆಗೆ ಮುಂದಿನ ಪಂದ್ಯ ಶುರುವಾಗಕೂಡದು. ಪ್ರೇಕ್ಷಕರು ಕೂಗಾಡುತ್ತಾರೆ, ಅತಿಥಿಗಳು ಗಡಿಯಾರ ನೋಡುತ್ತಾರೆ. ಆದರೂ ಕಾಯಲೇಬೇಕು.

ಪಂದ್ಯಕ್ಕೆ ಮುನ್ನ ಪ್ರವೇಶದ ಬಳಿ ಅಧಿಕಾರಿಯೊಬ್ಬ ಸ್ಪರ್ಧಿಯನ್ನು ನಿಲ್ಲಿಸಿ ಉಗುರು ಕತ್ತರಿಸಿದೆಯೇ, ಕೈಗವಸಿನ ಹೊಲಿಗೆ ಬಿಚ್ಚಿದೆಯೇ, ಹಲ್ಲಿನ ರಕ್ಷಕ ಬಾಯಲ್ಲಿದೆಯೇ, ತೊಡೆಸಂದಿನ ಕವಚ ಹಾಕಿದ್ದಾನೆಯೇ ಎಂದು ಮುಟ್ಟಿ ನೋಡುತ್ತಾನೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆಯ ವರದಿ ಮೊದಲೇ ಸಲ್ಲಿಕೆಯಾಗಿರಬೇಕು. ಕತ್ತು ಹಿಸುಕುವ ಪಟ್ಟಿಗೆ ಸಿಕ್ಕವನ ಮಿದುಳಿಗೆ ರಕ್ತ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಪ್ರಜ್ಞೆ ಹೋಗುತ್ತದೆ. ಅದಕ್ಕೆ ರೆಫರಿ ಅವನ ಕೈ ಮುಟ್ಟಿ ಎತ್ತಿ ನೋಡುತ್ತಿರುತ್ತಾನೆ. ಕೈ ಸತ್ವವಿಲ್ಲದೆ ಜೋತುಬಿದ್ದರೆ ತಟ್ಟುವುದನ್ನು ಕಾಯದೆ ಬಿಡಿಸುತ್ತಾನೆ.

ಪಂದ್ಯದ ನಂತರದ ನಿಯಮಗಳು ಇನ್ನೂ ದುರ್ಬಲ. ಮೊದಲ ಪೆಟ್ಟಿನಿಂದ ಮಿದುಳು ಚೇತರಿಸಿಕೊಳ್ಳುವ ಮುನ್ನವೇ ಎರಡನೆಯದು ಬಿದ್ದರೆ ಅದು ಸಣ್ಣದಾಗಿದ್ದರೂ ಕೊಲ್ಲಬಹುದು. ಹವ್ಯಾಸಿ ಬಾಕ್ಸಿಂಗ್ ಇದಕ್ಕೆ ಲೆಕ್ಕ ಕಟ್ಟಿತು. ನಾಕೌಟ್ ಆದರೆ ಕನಿಷ್ಠ 30 ದಿನ ರಿಂಗಿಗೆ ಇಳಿಯುವಂತಿಲ್ಲ, ಮೂರು ತಿಂಗಳಲ್ಲಿ ಎರಡು ಸಲವಾದರೆ 90 ದಿನ, ವರ್ಷದಲ್ಲಿ ಮೂರಾದರೆ ಒಂದು ವರ್ಷ. ಬಾಕ್ಸರ್‌ನ ದಾಖಲೆ ಪುಸ್ತಕದಲ್ಲಿ ಇದನ್ನು ನಮೂದಿಸುತ್ತಾರೆ. ಮುಂದಿನ ಊರಿನ ವೈದ್ಯ ಆ ಪುಟ ತೆರೆದು ನೋಡದೆ ಅವನನ್ನು ತೂಕಕ್ಕೆ ನಿಲ್ಲಿಸುವುದಿಲ್ಲ. ಕಿಕ್‌ಬಾಕ್ಸಿಂಗ್, ಎಂಎಂಎ, ಕರಾಟೆಗಳಲ್ಲಿ ಸಂಘಟನೆಗಳು ಹಲವು. ಒಂದು ಸಂಘಟನೆ ಹಾಕಿದ ವಿರಾಮದ ಸುದ್ದಿ ಇನ್ನೊಂದಕ್ಕೆ ತಾನಾಗಿ ತಲುಪುವುದಿಲ್ಲ. ಈ ಭಾನುವಾರ ಹರಿಹರದಲ್ಲಿ ತಲೆಗೆ ಪೆಟ್ಟು ತಿಂದ ಹುಡುಗ ಮುಂದಿನ ಭಾನುವಾರ ಹುಬ್ಬಳ್ಳಿಯಲ್ಲಿ ಬೇರೆ ಬ್ಯಾನರಿನಡಿ ಹೆಸರು ನೋಂದಾಯಿಸಿದರೆ, ಅಲ್ಲಿನ ಮೇಜಿನ ಮೇಲೆ ಅವನ ತೂಕದ ಚೀಟಿ ಇರುತ್ತದೆ, ಒಪ್ಪಿಗೆ ಪತ್ರ ಇರುತ್ತದೆ. ಕಳೆದ ವಾರದ ಪೆಟ್ಟಿನ ವಿಷಯ ಅವನು ತಾನಾಗಿ ಹೇಳಿದರೆ ಉಂಟು.